ಪತ್ತಾಯದ ಮೇಲೆ ಟಿವಿ

ಮುಂಡಾಜೆ ಕಡೆಯ ಹಳೇ ತೋಟದ ಮನೆಗಳಲ್ಲಿ ಪತ್ತಾಯ ಅಂತ ಒಂದಿರುತ್ತಿತ್ತು. ಕೆಲವು ಕಡೆ ಈಗಲೂ ಉಂಟು. ಹಲಸಿನ ಹಲಗೆಯ, ಭತ್ತ ತುಂಬಿಡುವ ದೊಡ್ಡ ಪೆಟ್ಟಿಗೆ. ಅದರ ಚಿಕ್ಕ ತಮ್ಮಂದಿರು ಈಗ ಬೆಂಗಳೂರಿನ ಫ್ಲ್ಯಾಟುಗಳಲ್ಲಿ ಪಾಲಿಶ್ ಹೊಡೆಸಿಕೊಂಡು ಟಿವಿ ಹೊತ್ತು ನಿಂತಿವೆ.

ಆಸೆಪಡೋದು ತಪ್ಪೇನಲ್ಲ. ಪಾರ್ಟಿಕಲ್ ಬೋರ್ಡಿನ ಕಪಾಟು ಕರಾವಳಿಯ ಮಳೆಗಾಲದಲ್ಲಿ ಒಮ್ಮೆ ನೀರು ಕುಡಿದರೆ ಹಪ್ಪಳದ ಹಾಗೆ ಉಬ್ಬುತ್ತೆ, ಮತ್ತೆ ಇಳಿಯೋದಿಲ್ಲ. ಹಲಸು, ಹೆಬ್ಬಲಸು, ಬೀಟೆ ಹಾಗಲ್ಲ. ಒಂದರ ತುದಿ ಇನ್ನೊಂದರ ತೂತಿಗೆ, ಮೇಲೆ ಮರದ್ದೇ ಗೂಟ. ಕಾಲು ಸಡಿಲಾದರೆ ಆಚಾರಿ ಬಿಚ್ಚಿ, ಮತ್ತೆ ಬಡಿದು ಕೂರಿಸುತ್ತಾರೆ. ರಿಪೇರಿ ಆಗುತ್ತೆ ಅನ್ನೋದೇ, ನನ್ನ ಪ್ರಕಾರ, ಕೆತ್ತನೆಗಿಂತ ದೊಡ್ಡ ಚೆಲುವು.

ತಕರಾರು ಇರೋದು ನಾವು ಅದಕ್ಕೆ ಅಂಟಿಸುವ ಕಥೆಯ ಬಗ್ಗೆ. ಮಣಿಪಾಲದ ಹಸ್ತಶಿಲ್ಪ ಪಾರಂಪರಿಕ ಗ್ರಾಮವನ್ನೇ ನೋಡಿ. ವಿಜಯನಾಥ ಶೆಣೈ ಹಳೇ ಮನೆಗಳನ್ನು ಬಿಚ್ಚಿ ತಂದು ಜೋಡಿಸದಿದ್ದರೆ ಎಷ್ಟೋ ಮರ ಸೌದೆಯಾಗುತ್ತಿತ್ತು. ಅದು ತಪಸ್ಸೇ ಸರಿ. ಆದರೆ ಹೊರಬರುವ ನಾವು ಮಾತಾಡೋದು ಕಂಬದ ನುಣುಪಿನ ಬಗ್ಗೆ ಮಾತ್ರ. ಪತ್ತಾಯ ತುಂಬುತ್ತಿದ್ದದ್ದು ಒಕ್ಕಲು ಅಳೆದುಕೊಟ್ಟ ಗೇಣಿ ಭತ್ತದಿಂದಲೂ ಹೌದು. 1974ರ ಭೂಸುಧಾರಣೆ ತಿದ್ದುಪಡಿಯ ನಂತರ ಆ ಗೇಣಿ ನಿಂತಿತು. ಮಾರಾಟಕ್ಕೆ ಬಂದ ಪೆಟ್ಟಿಗೆಗಳ ಹಿಂದೆ ಆ ಖಾಲಿಯೂ ಇದೆ. ಜಗಲಿಯ ಆರಾಮಕುರ್ಚಿಯೋ, ಯಜಮಾನರದ್ದು. ಅಜ್ಜಿಯ ಪಾಲಿಗೆ ಬಂದದ್ದು ಮೆಟ್ಟುಕತ್ತಿಯ ಮಣೆ. ಕೂತು ಕೂತು ನಡುವೆ ಗುಂಡಿ ಬಿದ್ದ ಆ ಮಣೆಯನ್ನು ಯಾರ ಲಿವಿಂಗ್ ರೂಮಿನಲ್ಲೂ ನಾನಿನ್ನೂ ನೋಡಿಲ್ಲ.