ಘಟ್ಟದ ಜ್ವರ: ‘ಚೋಮನ ದುಡಿ’ಯಲ್ಲಿ ಲೆಕ್ಕಕ್ಕೆ ಸೇರದ ಸಾವು

ಶಿವರಾಮ ಕಾರಂತರ ‘ಚೋಮನ ದುಡಿ’ಯನ್ನು ಕುರಿತ ವಿಮರ್ಶೆ ಬಹುಮಟ್ಟಿಗೆ ಜಾತಿ ಮತ್ತು ಭೂಮಿ ಎಂಬ ಎರಡು ನೆಲೆಗಳಲ್ಲಿ ಬೆಳೆದು ಬಂದಿದೆ. ಬೇಸಾಯಗಾರನಾಗಬೇಕೆಂಬ ಚೋಮನ ಹಂಬಲವೇ ಕೃತಿಯ ಕೇಂದ್ರವಾದುದರಿಂದ ಇದು ಸಹಜ. ಆದರೆ ಈ ಓದಿನಲ್ಲಿ ಚನಿಯನ ಸಾವು ತಂದೆಯ ದುರದೃಷ್ಟದ ಸರಣಿಯ ಒಂದು ಕೊಂಡಿಯಷ್ಟೇ ಆಗಿಬಿಡುತ್ತದೆ. ಅದು ದುಡಿಮೆಯ ಸ್ಥಳದಿಂದ ಬಂದ ಸಾವು ಎಂಬ ಅಂಶ ವಿಮರ್ಶೆಯ ಗಮನವನ್ನು ಅಷ್ಟಾಗಿ ಸೆಳೆದಿಲ್ಲ.

ತೋಟದ ಸಾಲ ತೀರಿಸಲೆಂದು ಗುರುವ, ಚನಿಯರು ಕಾಫಿ ತೋಟಕ್ಕೆ ಹೋಗುತ್ತಾರೆ. ಗುರುವ ಕ್ರೈಸ್ತ ಹುಡುಗಿಯನ್ನು ಒಲಿದು ಮನೆಗೆ ಎರವಾಗುತ್ತಾನೆ. ಚನಿಯ ಜ್ವರ ಹೊತ್ತು ಮರಳಿ ಸಾಯುತ್ತಾನೆ. ಸಾಲ ಮಾತ್ರ ಸಾಯುವುದಿಲ್ಲ. ಅದನ್ನು ತೀರಿಸಲು ಬೆಳ್ಳಿ, ನೀಲರು ಹೊರಡಬೇಕಾಗುತ್ತದೆ. ಕೊನೆಗೆ ಸಾಲ ವಜಾ ಆಗುವುದು ಬೆಳ್ಳಿಯ ದೇಹದ ಬೆಲೆಗೆ. ಅಣ್ಣನ ಪ್ರಾಣಕ್ಕೆ ಇಲ್ಲದ ಬೆಲೆ ತಂಗಿಯ ಮೈಗೆ ಬರುವ ಈ ಲೆಕ್ಕಾಚಾರದಲ್ಲೇ ಕಾದಂಬರಿಯ ಅತ್ಯಂತ ಕ್ರೂರವಾದ ಸತ್ಯವಿದೆ ಎಂದು ನನಗೆ ತೋರುತ್ತದೆ.

1930ರ ದಶಕದ ಮಲೆನಾಡಿನ ತೋಟಗಳಲ್ಲಿ ಮಲೇರಿಯ ಸರ್ವೇಸಾಮಾನ್ಯವಾಗಿತ್ತು. ಕರಾವಳಿಯಿಂದ ಘಟ್ಟ ಹತ್ತಿದ ಕೂಲಿಗೆ ಅದು ದುಡಿಮೆಯ ಭಾಗವೇ ಆಗಿತ್ತೆನ್ನಬೇಕು. ಆದರೂ ಕಾನೂನಿನ ಕಣ್ಣಿಗೆ ಅದು ವೃತ್ತಿರೋಗವಲ್ಲ. 1923ರ ಕಾರ್ಮಿಕರ ಪರಿಹಾರ ಕಾಯ್ದೆಯ ಮೊದಲ ಪಟ್ಟಿಯಲ್ಲಿದ್ದುದು ಆಂಥ್ರಾಕ್ಸ್, ಸೀಸದ ವಿಷ, ರಂಜಕದ ವಿಷ, ಇಷ್ಟೇ. ತೋಟದ ಕೂಲಿಗಳ ವೈದ್ಯಕೀಯ ಸೌಲಭ್ಯ ಮಾಲೀಕರ ಹೊಣೆಯೆಂದು ದೇಶದ ಕಾನೂನು ವಿಧಿಸಲು 1951ರ ತೋಟ ಕಾರ್ಮಿಕರ ಕಾಯ್ದೆ ಬರಬೇಕಾಯಿತು. ಚನಿಯನ ಜ್ವರವನ್ನು ವಿಧಿಯೆಂದು ಓದುವ ವಿಮರ್ಶಕ, ತಿಳಿಯದೆಯೇ, ತೋಟದ ಧಣಿಯ ಲೆಕ್ಕದ ಪುಸ್ತಕವನ್ನೇ ಒಪ್ಪಿಕೊಂಡಂತಾಗುತ್ತದೆ.

ಕೃತಿಯೂ ಇಲ್ಲಿ ಪೂರ್ಣ ನಿರ್ದೋಷಿಯಲ್ಲ. ತೋಟವನ್ನು ಚಿತ್ರಿಸುವಾಗ ಕಾರಂತರ ಗಮನ ಸಾಲ, ಮೋಹ, ಮತಾಂತರಗಳ ಕಡೆಗೆ ಹರಿದಷ್ಟು ಅಲ್ಲಿನ ಕೆಲಸದ ಕಡೆಗೆ ಹರಿಯುವುದಿಲ್ಲ. ಭೋಗನಹಳ್ಳಿಯ ಗುಡಿಸಲನ್ನು ಅಷ್ಟು ಸೂಕ್ಷ್ಮವಾಗಿ ಕಂಡ ಕಣ್ಣು ಕೂಲಿಗಳ ಲೈನ್ ಮನೆಯ ಬಳಿ ತುಸು ಅವಸರ ಪಡುತ್ತದೆ.

ಹೊರನಾಡಿನ ತರಗತಿಗಳಲ್ಲಿ ಈ ಕೃತಿಯನ್ನು ಯು. ಆರ್. ಕಲ್ಕೂರರ ಇಂಗ್ಲಿಷ್ ಅನುವಾದದ ಮೂಲಕ ಬೋಧಿಸುವವರು ಒಂದು ಮಾತನ್ನು ವಿದ್ಯಾರ್ಥಿಗಳಿಗೆ ಬಿಡಿಸಿ ಹೇಳಬೇಕು. ‘ದುಡಿ’ ಎಂಬುದು ವಾದ್ಯದ ಹೆಸರಷ್ಟೇ ಅಲ್ಲ, ಮೈಮುರಿದು ಕೆಲಸಮಾಡು ಎಂಬರ್ಥದ ಧಾತುವೂ ಹೌದು. ಅನುವಾದದ ಶೀರ್ಷಿಕೆಯಲ್ಲಿ ಉಳಿದಿರುವುದು ವಾದ್ಯ ಮಾತ್ರ.