ಪೈಠಣಿ, ಕೋಟಿ, ಪುಸ್ತಕ

ಟಿ.ವಿ. ಆಟಗಳನ್ನು ತೂಗಿ ನೋಡುವ ಅನುಕೂಲ ಗಡಿಯವರಿಗೆ ಇರುವಷ್ಟು ಬೇರೆಯವರಿಗಿಲ್ಲ. ನಿಪ್ಪಾಣಿಯಲ್ಲೋ ಕಾಗವಾಡದಲ್ಲೋ ಒಂದೇ ಮನೆಯ ರಿಮೋಟು ಸಂಜೆ ಝೀ ಮರಾಠಿಗೂ ಹೋಗುತ್ತದೆ, ರಾತ್ರಿ ಚಂದನಕ್ಕೂ ಬರುತ್ತದೆ. ಅತ್ತೆಗೊಂದು ಭಾಷೆ ಹತ್ತಿರ, ಸೊಸೆಗೊಂದು, ಮೊಮ್ಮಕ್ಕಳಿಗೆ ಎರಡೂ.

2004ರಲ್ಲಿ ಶುರುವಾದ ಮರಾಠಿಯ ‘ಹೋಮ್ ಮಿನಿಸ್ಟರ್’ ಈ ಕಡೆಯ ಹೆಣ್ಣುಮಕ್ಕಳಿಗೆ ಚಿರಪರಿಚಿತ. ಆದೇಶ ಬಾಂದೇಕರ್ ಮನೆಗೇ ಬಂದು, ‘ವಹಿನಿ’ (ಅತ್ತಿಗೆ) ಎಂದು ಕರೆದು, ಸಣ್ಣಪುಟ್ಟ ಆಟ ಆಡಿಸಿ, ಗೆದ್ದವರಿಗೆ ಪೈಠಣಿ ಸೀರೆ ಕೊಡುತ್ತಿದ್ದರು. ಆಟ ಬರೀ ನೆಪ. ಅತ್ತೆಯ ಎದುರು ಸೊಸೆ ಬಾಯಿತುಂಬ ಮಾತಾಡಿದರೆ ಕಾರ್ಯಕ್ರಮ ಗೆದ್ದಂತೆ.

‘ಕನ್ನಡದ ಕೋಟ್ಯಧಿಪತಿ’ಯ ಬಂಡವಾಳ ವಿಳಂಬ. 1998ರಲ್ಲಿ ಬ್ರಿಟನ್ನಿನಲ್ಲಿ ಹುಟ್ಟಿದ ಈ ಅಚ್ಚು 2000ದಲ್ಲಿ ಅಮಿತಾಭ್ ಬಚ್ಚನ್ ಕೈಗೆ ಬಂತು, 2012ರಲ್ಲಿ ಸುವರ್ಣ ವಾಹಿನಿಯಲ್ಲಿ ಪುನೀತ್ ರಾಜ್‌ಕುಮಾರ್ ಕೈಗೆ. ದೀಪ ಮಂಕಾಗುತ್ತದೆ, ಸಂಗೀತ ಏರುತ್ತದೆ, ಗೊತ್ತಿದ್ದ ಉತ್ತರದ ಮೇಲೂ ಅನುಮಾನ ಹುಟ್ಟುತ್ತದೆ. ಪುನೀತ್ ಎದುರಿಗಿದ್ದವರನ್ನು ನೆಂಟರಂತೆ ಮಾತಾಡಿಸುತ್ತಿದ್ದರಿಂದ ಆ ಎಳೆದಾಟವೂ ಹಿತವಾಗಿತ್ತು.

‘ಥಟ್ ಅಂತ ಹೇಳಿ’ಯ ದಾರಿ ಬೇರೆ. 2002ರ ಜನವರಿಯಿಂದ ಚಂದನದಲ್ಲಿ ವೈದ್ಯ ನಾ. ಸೋಮೇಶ್ವರರು ನಡೆಸಿಕೊಂಡು ಬಂದ ಈ ಕಾರ್ಯಕ್ರಮದಲ್ಲಿ ಮೂವರು ಸ್ಪರ್ಧಿಗಳು, ಸರಿ ಉತ್ತರಕ್ಕೆ ಕನ್ನಡ ಪುಸ್ತಕ. ಥಳಕಿಲ್ಲ, ಗುಡುಗಿಲ್ಲ. ಉತ್ತರ ಬಂದ ಮೇಲೆ ಅದರ ಹಿಂದುಮುಂದು ನಾಲ್ಕು ಮಾತಿನಲ್ಲಿ ಹೇಳುತ್ತಾರಲ್ಲ, ನನಗೆ ರುಚಿ ಅಲ್ಲಿದೆ.

ಮೂರನ್ನೂ ಸವಿದವನಾಗಿ ಹೇಳುತ್ತೇನೆ: ಆಟದ ಜೀವ ಪ್ರಶ್ನೆಯಲ್ಲಿದೆ. ‘ಮೊದಲನೆಯದು ಯಾವುದು, ಅತಿ ದೊಡ್ಡದು ಯಾವುದು’ ಎಂಬ ಬಾಯಿಪಾಠದ ಪ್ರಶ್ನೆ ಸಪ್ಪೆ. ಗೊತ್ತಿದ್ದವ ಹೇಳುತ್ತಾನೆ, ಉಳಿದವರು ಆಕಳಿಸುತ್ತಾರೆ. ಉತ್ತರ ಕಣ್ಣೆದುರೇ ಇದ್ದೂ ಹೊಳೆಯದಂಥದ್ದು ಒಳ್ಳೆಯ ಪ್ರಶ್ನೆ. ನಮ್ಮ ಕಡೆಯದೇ ಒಂದು ಕೇಳಿ ನೋಡಿ: 2019ರಲ್ಲಿ ಸುದ್ದಿಯಾದ ಕೊಲ್ಹಾಪುರಿ ಚಪ್ಪಲಿಯ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಯಾವ ರಾಜ್ಯದ್ದು?

“ಕೊಲ್ಹಾಪುರಿ ಅಂದಮ್ಯಾಗ ಮಹಾರಾಷ್ಟ್ರದ್ದs, ಅದರಾಗೇನ್ ಕೇಳೋದು?” ಎನ್ನುತ್ತಾರೆ ಹಿರಿಯರು.

“ಮಾವಾರ, ನಿಮ್ಮ ಕಾಲಾಗಿಂದು ಅಥಣಿದ್ದ ಐತಲ್ರಿ!” ಎನ್ನುತ್ತಾಳೆ ಸೊಸೆ.

ಸೊಸೆಯ ಮಾತಿನಲ್ಲಿ ಹುರುಳಿದೆ. ಆ ಮಾನ್ಯತೆ ಎರಡೂ ರಾಜ್ಯಗಳದು: ಅತ್ತ ಕೊಲ್ಹಾಪುರ, ಸಾಂಗಲಿ, ಸಾತಾರಾ, ಸೊಲ್ಲಾಪುರ, ಇತ್ತ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ. ಅಥಣಿ, ನಿಪ್ಪಾಣಿಗಳಲ್ಲಿ ಕಟ್ಟಿದ ಜೋಡು ಎಷ್ಟೋ ಕೊಲ್ಹಾಪುರದ ಪೇಟೆಯಲ್ಲಿ ಮಾರಾಟವಾಗಿದೆ. ಇಂಥ ಒಂದು ಪ್ರಶ್ನೆ ಬಿದ್ದರೆ ಚಿಕ್ಕೋಡಿಯಿಂದ ರಾಯಬಾಗದ ತನಕ ಯಾವ ಮನೆಯೂ ಸುಮ್ಮನೆ ಕೂರುವುದಿಲ್ಲ.

ಮನೆಯಲ್ಲಿ ಆಡುವವರಿಗೆ ನನ್ನದೊಂದು ನಿಯಮ. ನಾಲ್ಕು ಆಯ್ಕೆ ತೆರೆಯ ಮೇಲೆ ಬರುವ ಮೊದಲೇ ಬಾಯಿಬಿಟ್ಟು ಹೇಳಿದವರಿಗಷ್ಟೇ ಅಂಕ. ಆಯ್ಕೆ ನೋಡಿ ‘ನಾನೂ ಅದನ್ನೇ ಅಂದ್ಕೊಂಡಿದ್ದೆ’ ಎನ್ನುವ ಜಾಣರಿಗೆ ಸೊನ್ನೆ. ಕಾರ್ಯಕ್ರಮಕ್ಕೂ ಒಂದು ಪರೀಕ್ಷೆಯಿದೆ: ಟಿ.ವಿ. ಆರಿಸಿ ಊಟಕ್ಕೆ ಕೂತ ಮೇಲೂ ವಾದ ನಡೆದಿದ್ದರೆ, ಬಹುಮಾನ ಸೀರೆಯಿರಲಿ, ಕೋಟಿಯಿರಲಿ, ಪುಸ್ತಕವಿರಲಿ, ಅದು ಪಾಸು.