ಕೊಬ್ಬು, ಫಲವಂತಿಕೆ ಮತ್ತು ಒಂದು ಸಮೀಕರಣ

ಹೆಣ್ಣುಮಕ್ಕಳ ಮೈಯಲ್ಲಿ ಇಂತಿಷ್ಟು ಕೊಬ್ಬು ಸೇರಿದ ಮೇಲೆಯೇ ಮುಟ್ಟು ಆರಂಭವಾಗುತ್ತದೆ, ಅದಕ್ಕಿಂತ ಇಳಿದರೆ ನಿಂತುಹೋಗುತ್ತದೆ ಎಂಬ ಮಾತನ್ನು ನೀವು ಎಲ್ಲಾದರೂ ಓದಿರಬಹುದು. ಆರಂಭಕ್ಕೆ ಶೇ. 17, ಋತುಚಕ್ರ ತಪ್ಪದೆ ನಡೆಯಲು ಶೇ. 22. ಈ ಎರಡು ಸಂಖ್ಯೆಗಳು 1974ರಿಂದ ಪುಸ್ತಕದಿಂದ ಪುಸ್ತಕಕ್ಕೆ ಸಾಗುತ್ತಾ ಬಂದಿವೆ. ಇವುಗಳ ಹಿಂದಿರುವವರು ಹಾರ್ವರ್ಡ್ ವಿಶ್ವವಿದ್ಯಾಲಯದ ರೋಸ್ ಫ್ರಿಷ್. ತಮ್ಮ ಜೀವಮಾನದ ಸಂಶೋಧನೆಯನ್ನು ಅವರು 2002ರಲ್ಲಿ ‘ಫೀಮೇಲ್ ಫರ್ಟಿಲಿಟಿ ಅಂಡ್ ದಿ ಬಾಡಿ ಫ್ಯಾಟ್ ಕನೆಕ್ಷನ್’ ಎಂಬ ಪುಸ್ತಕವಾಗಿ ಪ್ರಕಟಿಸಿದರು. ಆಹಾರ, ದೇಹದ ತೂಕ ಮತ್ತು ಗರ್ಭಧಾರಣೆಯ ಸಾಮರ್ಥ್ಯದ ಬಗ್ಗೆ ಆಸಕ್ತಿಯಿರುವ ಅಧ್ಯಾಪಕರು ಓದಬೇಕಾದ ಪುಸ್ತಕವಿದು. ಆದರೆ ಪೆನ್ಸಿಲ್ ಮತ್ತು ಕಾಗದವನ್ನು ಪಕ್ಕದಲ್ಲಿ ಇಟ್ಟುಕೊಂಡು ಓದಬೇಕು.

ಫ್ರಿಷ್ ಅವರ ಹಿನ್ನೆಲೆ ಭೌತವಿಜ್ಞಾನದವರಿಗೆ ಕುತೂಹಲ ಹುಟ್ಟಿಸುವಂಥದು. 1918ರಲ್ಲಿ ಜನಿಸಿದ ಅವರು ವಿಸ್ಕಾನ್ಸಿನ್‌ನಲ್ಲಿ ತಳಿವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಲಾಸ್ ಅಲಮೋಸ್‌ನಲ್ಲಿ ಲೆಕ್ಕ ಹಾಕುವ ಕೆಲಸ ಮಾಡಿದರು. ಅವರ ಪತಿ ಡೇವಿಡ್ ಫ್ರಿಷ್ ಭೌತವಿಜ್ಞಾನಿ. ಮೌಂಟ್ ವಾಷಿಂಗ್ಟನ್ ಬೆಟ್ಟದ ಮೇಲೂ ಸಮುದ್ರಮಟ್ಟದಲ್ಲೂ ಮ್ಯೂಆನ್‌ಗಳನ್ನು ಎಣಿಸಿ ಕಾಲದ ಹಿಗ್ಗುವಿಕೆಯನ್ನು ತೋರಿಸಿದ 1963ರ ಪ್ರಯೋಗವನ್ನು ನೀವು ಪಾಠ ಮಾಡಿದ್ದರೆ, ಅದು ಇವರು ಮತ್ತು ಜೇಮ್ಸ್ ಸ್ಮಿತ್ ಸೇರಿ ಮಾಡಿದ್ದು. ಮಕ್ಕಳನ್ನು ಬೆಳೆಸಿದ ಮೇಲೆ ರೋಸ್ ಫ್ರಿಷ್ ಸಂಶೋಧನೆಗೆ ಮರಳಿದರು. ವಾತಾವರಣದಲ್ಲಿ ಹೆಚ್ಚುತ್ತಿರುವ ಕಾರ್ಬನ್ ಡೈಆಕ್ಸೈಡ್ ಬಗ್ಗೆ ಮೊದಲೇ ಎಚ್ಚರಿಸಿದ್ದ ರೋಜರ್ ರೆವೆಲ್ ಆಗ ಹಾರ್ವರ್ಡ್‌ನ ಜನಸಂಖ್ಯಾ ಕೇಂದ್ರದಲ್ಲಿದ್ದರು. ಅವರ ಜೊತೆಯಲ್ಲಿ ಫ್ರಿಷ್ ಏಷ್ಯಾ ಮತ್ತು ಲ್ಯಾಟಿನ್ ಅಮೆರಿಕದ ದೇಶಗಳ ಮಕ್ಕಳ ಬೆಳವಣಿಗೆಯ ಅಂಕಿಅಂಶಗಳನ್ನು ಪರಿಶೀಲಿಸಿದರು. ಹುಡುಗಿಯರು ಬೇಗ ಮೈನೆರೆಯಲಿ, ತಡವಾಗಿ ಮೈನೆರೆಯಲಿ, ಆ ಹೊತ್ತಿನಲ್ಲಿ ಅವರ ಸರಾಸರಿ ತೂಕ ಹೆಚ್ಚುಕಡಿಮೆ ಒಂದೇ ಎಂದು 1970ರಲ್ಲಿ ಈ ಇಬ್ಬರೂ ಬರೆದರು. ಅಮೆರಿಕದ ಹುಡುಗಿಯರಲ್ಲಿ ಅದು ಸುಮಾರು 47 ಕಿ.ಗ್ರಾಂ. ನಾಲ್ಕು ವರ್ಷಗಳ ನಂತರ ಜಾನೆಟ್ ಮ್ಯಾಕ್‌ಆರ್ಥರ್ ಜೊತೆ ಬರೆದ ಲೇಖನದಲ್ಲಿ ತೂಕದ ಜಾಗಕ್ಕೆ ಕೊಬ್ಬು ಬಂತು.

ಹೀಗೆ ಬರುವುದಕ್ಕೆ ಒಳ್ಳೆಯ ಕಾರಣವೂ ಇತ್ತು. ಬೆಳೆದ ಅಮೆರಿಕನ್ ಯುವತಿಯ ದೇಹದಲ್ಲಿ ಸುಮಾರು 16 ಕಿ.ಗ್ರಾಂ ಕೊಬ್ಬಿರುತ್ತದೆ ಎಂದುಕೊಳ್ಳಿ. ಗ್ರಾಮಿಗೆ 9 ಕಿಲೋಕ್ಯಾಲೊರಿಯಂತೆ ಅದು 1,44,000 ಕಿಲೋಕ್ಯಾಲೊರಿ. ಗರ್ಭಧಾರಣೆಗೆ ಫ್ರಿಷ್ ಹಾಕುವ ಲೆಕ್ಕ ಸುಮಾರು 50,000. ಉಳಿದದ್ದು ಮೂರು ತಿಂಗಳು ಎದೆಹಾಲು ಉಣಿಸಲು ದಿನಕ್ಕೆ ಸುಮಾರು 1,000ದಂತೆ ಸಾಕಾಗುತ್ತದೆ. ಹಂಗಾಮು ಕೈಕೊಟ್ಟರೂ ಮಗು ಉಳಿಯಲು ಬೇಕಾದ ದಾಸ್ತಾನು ಇದು. ಕಣಜದಲ್ಲಿ ಕಾಳಿಲ್ಲದಾಗ ದೇಹ ಹೊಸ ಜವಾಬ್ದಾರಿ ಹೊರುವುದಿಲ್ಲ ಎಂಬುದು ಅವರ ವಾದದ ತಿರುಳು. ಕೇಳುವುದಕ್ಕೆ ಬಹಳ ಚೆನ್ನಾಗಿದೆ. ಪುಸ್ತಕದ ಬಲ ಇರುವುದೂ ಈ ಚಿತ್ರದಲ್ಲೇ.

ಈಗ ಆ ಕೊಬ್ಬನ್ನು ಅಳೆದದ್ದು ಹೇಗೆ ಎಂದು ನೋಡೋಣ. ಉತ್ತರ ಸರಳ. ಅದನ್ನು ಅಳೆಯಲಿಲ್ಲ. 181 ಹುಡುಗಿಯರ ಎತ್ತರ ಮತ್ತು ತೂಕವನ್ನು ಹಳೆಯ ಬೆಳವಣಿಗೆಯ ಅಧ್ಯಯನಗಳಿಂದ ತೆಗೆದುಕೊಂಡು, ಬೇರೆಯವರು ರೂಪಿಸಿದ್ದ ಈ ಸೂತ್ರಕ್ಕೆ ಹಾಕಿದರು:

ದೇಹದ ಒಟ್ಟು ನೀರು (ಲೀಟರ್) = 0.252 × ತೂಕ (ಕಿ.ಗ್ರಾಂ) + 0.154 × ಎತ್ತರ (ಸೆಂ.ಮೀ.) − 10.313

ಕೊಬ್ಬಿನಲ್ಲಿ ನೀರಿಲ್ಲ, ಕೊಬ್ಬಿಲ್ಲದ ಭಾಗದಲ್ಲಿ ಶೇ. 72 ನೀರು ಎಂದು ಭಾವಿಸಿ, ಬಂದ ಉತ್ತರವನ್ನು 0.72ರಿಂದ ಭಾಗಿಸಿದರೆ ಕೊಬ್ಬಿಲ್ಲದ ದ್ರವ್ಯರಾಶಿ ಸಿಗುತ್ತದೆ. ಅದನ್ನು ತೂಕದಿಂದ ಕಳೆದರೆ ಕೊಬ್ಬು. 158 ಸೆಂ.ಮೀ. ಎತ್ತರ, 47 ಕಿ.ಗ್ರಾಂ ತೂಕದ ಹುಡುಗಿಗೆ ಲೆಕ್ಕ ಮಾಡಿ. ನೀರು 25.9 ಲೀಟರ್, ಕೊಬ್ಬಿಲ್ಲದ ಭಾಗ 35.9 ಕಿ.ಗ್ರಾಂ, ಕೊಬ್ಬು ಸುಮಾರು 11.1 ಕಿ.ಗ್ರಾಂ, ಅಂದರೆ ಶೇ. 23.6.

ಎರಡು ಹೆಜ್ಜೆಗಳನ್ನು ಒಂದಾಗಿಸಿ ಬರೆದರೆ ಗುಟ್ಟು ಹೊರಬೀಳುತ್ತದೆ: ಕೊಬ್ಬು = 0.65 × ತೂಕ − 0.214 × ಎತ್ತರ + 14.3. ಇಲ್ಲಿ ತೂಕ ಮತ್ತು ಎತ್ತರ ಬಿಟ್ಟು ಬೇರೆ ಯಾವ ಮಾಹಿತಿಯೂ ಇಲ್ಲ! ಎತ್ತರ ಗೊತ್ತಿದ್ದರೆ ಕೊಬ್ಬಿನ ಶೇಕಡಾವಾರು ಎಂಬುದು ತೂಕಕ್ಕೇ ಇಟ್ಟ ಇನ್ನೊಂದು ಹೆಸರು. ಇದೇ ಎತ್ತರದವಳಿಗೆ ಶೇ. 17 ಅಂದರೆ 40.6 ಕಿ.ಗ್ರಾಂ, ಶೇ. 22 ಅಂದರೆ 45.3 ಕಿ.ಗ್ರಾಂ, ಅಷ್ಟೇ. ದಿನಕ್ಕೆ ಮೂರು ಗಂಟೆ ಈಜುವ ಹುಡುಗಿಗೂ ಮನೆಯಿಂದ ಹೊರಗೆ ಕಾಲಿಡದವಳಿಗೂ ಎತ್ತರ ಮತ್ತು ತೂಕ ಒಂದೇ ಆಗಿದ್ದರೆ ಸೂತ್ರ ಒಂದೇ ಉತ್ತರ ಕೊಡುತ್ತದೆ. ಜೇಮ್ಸ್ ಟ್ರಸೆಲ್ 1978ರಲ್ಲಿ ಈ ಊಹೆಯನ್ನು ಸಂಖ್ಯಾಶಾಸ್ತ್ರದ ದೃಷ್ಟಿಯಿಂದ ಮರುಪರಿಶೀಲಿಸಿ ಕಟುವಾಗಿ ಆಕ್ಷೇಪಿಸಿದ್ದರು.

ದೋಷದ ಮಾತೂ ಇದೆ. ಪ್ರಯೋಗಾಲಯದಲ್ಲಿ ನಾವು ವಿದ್ಯಾರ್ಥಿಗಳಿಗೆ ಹೇಳಿಕೊಡುವ ದೋಷಗಣನೆಯನ್ನೇ ಇಲ್ಲಿ ಮಾಡಿ. ನೀರಿನ ಅಂದಾಜು ಒಂದು ಲೀಟರ್ ತಪ್ಪಿದರೆ ಕೊಬ್ಬಿನ ಉತ್ತರ 1.4 ಕಿ.ಗ್ರಾಂ ತಪ್ಪುತ್ತದೆ. 47 ಕಿ.ಗ್ರಾಂ ತೂಕದವಳಲ್ಲಿ ಇದು ಮೂರು ಶೇಕಡಾಂಶ. ಬೆಳೆಯುವ ಮಕ್ಕಳ ಕೊಬ್ಬಿಲ್ಲದ ಅಂಗಾಂಶದಲ್ಲಿ ನೀರಿನ ಪಾಲು ವಯಸ್ಕರಿಗಿಂತ ಹೆಚ್ಚು. 0.72ರ ಬದಲು 0.75 ಹಾಕಿದರೆ ಮೇಲಿನ ಹುಡುಗಿಯ ಕೊಬ್ಬು ಶೇ. 23.6ರಿಂದ 26.6ಕ್ಕೆ ಏರುತ್ತದೆ. ಎರಡು ‘ನಿರ್ಣಾಯಕ’ ಮಟ್ಟಗಳ ನಡುವಿನ ಅಂತರವೇ ಐದು. ಮಾಪನದ ಅನಿಶ್ಚಿತತೆ ಮೂರರ ಆಸುಪಾಸಿನಲ್ಲಿರುವಾಗ 17, 22 ಎಂದು ನಿಖರವಾಗಿ ಗೆರೆ ಎಳೆಯುವುದು ಗಜಕಡ್ಡಿಯಿಂದ ಕೂದಲಿನ ದಪ್ಪ ಅಳೆದಂತೆ.

ಆ ಗೆರೆ ಹುಟ್ಟಿದ ಬಗೆಯನ್ನೂ ಗಮನಿಸಿ. ಮೈನೆರೆದ ಹುಡುಗಿಯರನ್ನು ಲೆಕ್ಕ ಹಾಕಿದ ಕೊಬ್ಬಿನ ಏರಿಕೆಯ ಕ್ರಮದಲ್ಲಿ ನಿಲ್ಲಿಸಿ, ಕೆಳಗಿನಿಂದ ಹತ್ತನೆಯ ಒಂದು ಭಾಗ ಮುಗಿಯುವ ಕಡೆ ಎಳೆದ ಗೆರೆಯೇ ಶೇ. 17. ಅದೇ ಹುಡುಗಿಯರು 18 ವರ್ಷದವರಾದಾಗ ಹೀಗೇ ಎಳೆದದ್ದು ಶೇ. 22. ಅಂದರೆ ಗೆರೆಯ ಕೆಳಗೆ ಬಿದ್ದ ಹತ್ತರಲ್ಲಿ ಒಬ್ಬಳು ಆಗಲೇ ಮೈನೆರೆದಿದ್ದಾಳೆ. ನೀರು 100 ಡಿಗ್ರಿಯಲ್ಲಿ ಕುದಿಯುವಂಥ ಹೊಸ್ತಿಲು ಇದಲ್ಲ. ಹಂಚಿಕೆಯೊಂದರ ಬಾಲವನ್ನು ಎಲ್ಲಿ ಕತ್ತರಿಸಬೇಕೆಂಬ ತೀರ್ಮಾನ.

ನಮ್ಮ ದೇಶದ ಓದುಗರಿಗೆ ಮತ್ತೊಂದು ಎಚ್ಚರಿಕೆ ಬೇಕು. ಪುಣೆಯ ವೈದ್ಯವಿಜ್ಞಾನಿ ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಜಾನ್ ಯುಡ್ಕಿನ್ 2004ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ತಮ್ಮ ಚಿತ್ರವನ್ನೇ ಅಚ್ಚುಹಾಕಿಸಿದರು. ಇಬ್ಬರ ಬಿ.ಎಂ.ಐ. (ತೂಕವನ್ನು ಮೀಟರಿನಲ್ಲಿ ಅಳೆದ ಎತ್ತರದ ವರ್ಗದಿಂದ ಭಾಗಿಸಿದಾಗ ಬರುವ ಸಂಖ್ಯೆ) ಒಂದೇ, 22.3. ದೇಹದ ಕೊಬ್ಬು ಮಾತ್ರ ಯುಡ್ಕಿನ್ನರಲ್ಲಿ ಶೇ. 9.1, ಯಾಜ್ಞಿಕರಲ್ಲಿ ಶೇ. 21.2. ಎತ್ತರ ಮತ್ತು ತೂಕದಿಂದ ಕೊಬ್ಬನ್ನು ಊಹಿಸುವವರು ಈ ಚಿತ್ರವನ್ನು ಮೇಜಿನ ಮೇಲೆ ಇಟ್ಟುಕೊಳ್ಳಬೇಕು. ಅಮೆರಿಕದ ಬಿಳಿಯ ಮಕ್ಕಳಿಂದ ಬಂದ ಸೂತ್ರವನ್ನು ರಾಯಚೂರಿನ ಹುಡುಗಿಗೆ ಹಾಗೆಯೇ ಹೊಂದಿಸಲು ಬರುವುದಿಲ್ಲ.

ಫ್ರಿಷ್ ಅವರಿಗೆ ಅನ್ಯಾಯ ಮಾಡಬಾರದು. ಅವರು ಸೂತ್ರದಲ್ಲೇ ನಿಲ್ಲಲಿಲ್ಲ. 1993ರಲ್ಲಿ ಎಂ.ಆರ್.ಐ. ಬಳಸಿ ಕ್ರೀಡಾಪಟುಗಳ ಕೊಬ್ಬನ್ನು ನೇರವಾಗಿ ನೋಡಿದರು. ತೂಕದಲ್ಲಿ ಹೆಚ್ಚು ವ್ಯತ್ಯಾಸವಿಲ್ಲದಿದ್ದರೂ ಕ್ರೀಡಾಪಟುಗಳಲ್ಲಿ ಕೊಬ್ಬು ಗಣನೀಯವಾಗಿ ಕಡಿಮೆಯಿತ್ತು. ಕ್ರೀಡಾಪಟುಗಳ ಬಗೆಗಿನ ಅವರ ಮಾತನ್ನು ಇದು ಸಮರ್ಥಿಸುತ್ತದೆ, ನಿಜ. ಆದರೆ 1974ರ ಸೂತ್ರ ಅಂಥವರಿಗೆ ಸಲ್ಲದು ಎಂಬುದನ್ನೂ ಅದೇ ಉಸಿರಿನಲ್ಲಿ ಹೇಳುತ್ತದೆ. ಮೈನೆರೆಯುವ ಮೊದಲೇ ತರಬೇತಿ ಆರಂಭಿಸಿದ ಈಜುಗಾರ್ತಿಯರು ಮತ್ತು ಓಟಗಾರ್ತಿಯರಲ್ಲಿ ತರಬೇತಿಯ ಒಂದೊಂದು ವರ್ಷಕ್ಕೂ ಮುಟ್ಟಿನ ಆರಂಭ ಸುಮಾರು ಐದು ತಿಂಗಳು ಮುಂದೆ ಹೋಗುತ್ತದೆ ಎಂಬ 1981ರ ಅವರ ಫಲಿತಾಂಶ ಇಂದಿಗೂ ಓದಲು ತಕ್ಕದ್ದು.

ಹಾಗಾದರೆ ದೇಹ ಓದುವುದು ಏನನ್ನು? ಮೆದುಳಿನ ಹೈಪೊಥಲಾಮಸ್ ಸುಮಾರು ಒಂದು, ಒಂದೂವರೆ ಗಂಟೆಗೊಮ್ಮೆ ಹಾರ್ಮೋನಿನ ಒಂದು ಮಿಡಿತವನ್ನು ಪಿಟ್ಯುಟರಿ ಗ್ರಂಥಿಗೆ ಕಳಿಸುತ್ತದೆ. ಅದಕ್ಕೆ ಓಗೊಟ್ಟು ಪಿಟ್ಯುಟರಿ ಎಲ್.ಎಚ್. ಎಂಬ ಹಾರ್ಮೋನನ್ನು ಮಿಡಿತಗಳಲ್ಲೇ ಬಿಡುತ್ತದೆ. ಮಿಡಿತ ನಿಧಾನವಾದರೆ ಅಂಡ ಬಲಿಯುವುದಿಲ್ಲ, ಬಿಡುಗಡೆಯಾಗುವುದಿಲ್ಲ. ಆನ್ ಲೌಕ್ಸ್ ಮತ್ತು ಸಂಗಡಿಗರು 2003ರಲ್ಲಿ ಕ್ರಮವಾಗಿ ಮುಟ್ಟಾಗುತ್ತಿದ್ದ 29 ಯುವತಿಯರಿಗೆ ಐದು ದಿನ ಅಳೆದ ಆಹಾರ, ಅಳೆದ ವ್ಯಾಯಾಮ ಕೊಟ್ಟರು. ವ್ಯಾಯಾಮಕ್ಕೆ ಖರ್ಚಾದದ್ದನ್ನು ಕಳೆದು ಉಳಿಯುವ ಶಕ್ತಿ, ಕೊಬ್ಬಿಲ್ಲದ ದೇಹದ ಪ್ರತಿ ಕಿ.ಗ್ರಾಂಗೆ ದಿನಕ್ಕೆ 30 ಕಿಲೋಕ್ಯಾಲೊರಿಗಿಂತ ಕೆಳಗಿಳಿದಾಗ ಎಲ್.ಎಚ್. ಮಿಡಿತ ಹದಗೆಟ್ಟಿತು. ಕೊಬ್ಬಿಲ್ಲದ ಭಾಗ 40 ಕಿ.ಗ್ರಾಂ ಇದ್ದರೆ ಇದು 1,200 ಕಿಲೋಕ್ಯಾಲೊರಿ. ನಮ್ಮ ಭಾಷೆಯಲ್ಲಿ 58 ವಾಟ್, ಹಳೆಯ ಕಾಲದ ಒಂದು ಬಲ್ಬು! ಐದು ದಿನಗಳಲ್ಲಿ ಕೊಬ್ಬಿನ ದಾಸ್ತಾನು ಎಷ್ಟು ತಾನೇ ಕರಗೀತು? ದೇಹ ನೋಡುತ್ತಿರುವುದು ತೊಟ್ಟಿಯಲ್ಲಿರುವ ನೀರಿನ ಮಟ್ಟವನ್ನಷ್ಟೇ ಅಲ್ಲ, ನಲ್ಲಿಯಿಂದ ಬರುತ್ತಿರುವ ನೀರನ್ನು ಕೂಡ.

ಇದಕ್ಕೆ ಸಾಕ್ಷ್ಯ ಬಹಳ ಮೊದಲೇ ಇತ್ತು. ಮಿಷೆಲ್ ವಾರೆನ್ 1980ರಲ್ಲಿ ಬ್ಯಾಲೆ ನರ್ತಕಿಯರನ್ನು ಗಮನಿಸಿ ಬರೆದ ಲೇಖನವಿದೆ. ಗಾಯದಿಂದಲೋ ರಜೆಯಿಂದಲೋ ಅಭ್ಯಾಸ ನಿಂತಾಗ, ತೂಕದಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಇಲ್ಲದಿದ್ದರೂ, ಕೆಲವರಿಗೆ ಮುಟ್ಟು ಆರಂಭವಾಯಿತು ಅಥವಾ ಮರಳಿತು. 2002ರ ಪುಸ್ತಕ ಈ ಬಗೆಯ ಸಾಕ್ಷ್ಯಕ್ಕೆ ಕೊಡಬೇಕಾದಷ್ಟು ತೂಕ ಕೊಟ್ಟಿಲ್ಲ ಎಂಬುದು ನನ್ನ ಮುಖ್ಯ ತಕರಾರು. ಒಬ್ಬ ನರ್ತಕಿಯ ಮುರಿದ ಕಾಲು 181 ಮಂದಿಯ ಲೆಕ್ಕಕ್ಕಿಂತ ಹೆಚ್ಚು ಹೇಳಬಲ್ಲದು.

1994ರಲ್ಲಿ ಜೆಫ್ರಿ ಫ್ರೀಡ್‌ಮನ್ ತಂಡ ಲೆಪ್ಟಿನ್ ವಂಶವಾಹಿಯನ್ನು ಗುರುತಿಸಿದಾಗ ಫ್ರಿಷ್ ಗೆದ್ದರು ಎಂದು ಹಲವರು ಭಾವಿಸಿದರು. ಕೊಬ್ಬಿನ ಕೋಶಗಳೇ ಮೆದುಳಿಗೆ ಕಳಿಸುವ ಸಂದೇಶ ಇದಲ್ಲವೇ? ಲೆಪ್ಟಿನ್ ಇಲ್ಲದ, ದಢೂತಿಯಾದ ಬಂಜೆ ಇಲಿಗಳಿಗೆ ಅದನ್ನು ಕೊಟ್ಟಾಗ ಅವು ಮರಿ ಹಾಕಿದ್ದು 1996ರಲ್ಲಿ. ಇಲ್ಲೊಂದು ವಿಚಿತ್ರ ನೋಡಿ. ಆ ಇಲಿಗಳಿಗೆ ಕೊಬ್ಬಿನ ಕೊರತೆ ಎಂದೂ ಇರಲಿಲ್ಲ, ಸಂದೇಶದ ಕೊರತೆಯಿತ್ತು. 2004ರಲ್ಲಿ ಮುಟ್ಟು ನಿಂತಿದ್ದ ಎಂಟು ಮಹಿಳೆಯರಿಗೆ ಲೆಪ್ಟಿನ್ ಕೊಟ್ಟಾಗ, ತೂಕ ಹೆಚ್ಚದೆಯೇ ಮೂವರಲ್ಲಿ ಅಂಡೋತ್ಸರ್ಗವಾಯಿತು. ಜೊತೆಗೆ, ಉಪವಾಸ ಬಿದ್ದ ಒಂದೆರಡು ದಿನಗಳಲ್ಲೇ, ಕೊಬ್ಬು ಕರಗುವುದಕ್ಕೆ ಬಹಳ ಮೊದಲೇ, ಲೆಪ್ಟಿನ್ ಮಟ್ಟ ಇಳಿಯುತ್ತದೆ. ಫ್ರಿಷ್ ಅವರ ಆಶಯ ಉಳಿಯಿತು, ಸಂಖ್ಯೆ ಉಳಿಯಲಿಲ್ಲ.

ಆಶಯದ ಬಗ್ಗೆ ಅನುಮಾನವಿಲ್ಲ. 1944-45ರ ಚಳಿಗಾಲದಲ್ಲಿ ಪಶ್ಚಿಮ ನೆದರ್ಲೆಂಡ್ಸ್‌ನ ನಗರಗಳಲ್ಲಿ ಪಡಿತರ ದಿನಕ್ಕೆ ಸಾವಿರ ಕಿಲೋಕ್ಯಾಲೊರಿಗಿಂತ ಕೆಳಗಿಳಿದಿತ್ತು. ಒಂಬತ್ತು ತಿಂಗಳ ನಂತರ ಜನನಗಳ ಸಂಖ್ಯೆ ಸುಮಾರು ಅರ್ಧಕ್ಕೆ ಕುಸಿಯಿತು. ಮೇ 1945ರಲ್ಲಿ ಆಹಾರ ಬಂದ ಮೇಲೆ ಗರ್ಭಧಾರಣೆಗಳು ಬೇಗನೆ ಚೇತರಿಸಿಕೊಂಡವು. ತೂಕ ಕಳೆದುಕೊಂಡು ಮುಟ್ಟು ನಿಂತವರಿಗೆ ಔಷಧಕ್ಕೆ ಮೊದಲು ಊಟ ಕೊಡಿ ಎಂದು ಫ್ರಿಷ್ ಹೇಳಿದ್ದು ಸರಿಯಾದ ಮಾತು.

ಪುಸ್ತಕದ ಗಮನ ಮುಖ್ಯವಾಗಿ ಸಣಕಲು ದೇಹದ ಕಡೆಗೆ. ಇಂದಿನ ಕರ್ನಾಟಕದಲ್ಲಿ ಸಮಸ್ಯೆಗೆ ಎರಡೂ ತುದಿಗಳಿವೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಇಲ್ಲಿನ 15-49 ವಯಸ್ಸಿನ ಮಹಿಳೆಯರಲ್ಲಿ ಸುಮಾರು ಶೇ. 17 ಮಂದಿಯ ಬಿ.ಎಂ.ಐ. 18.5ಕ್ಕಿಂತ ಕಡಿಮೆ, ಸುಮಾರು ಶೇ. 30 ಮಂದಿಯದು 25 ಅಥವಾ ಹೆಚ್ಚು. ಅಮೆರಿಕದ ದಾದಿಯರ ದೊಡ್ಡ ಅಧ್ಯಯನವೊಂದು, ಅಂಡೋತ್ಸರ್ಗದ ತೊಂದರೆಯಿಂದಾಗುವ ಬಂಜೆತನದಲ್ಲಿ ಶೇ. 12ಕ್ಕೆ ಕಡಿಮೆ ತೂಕವೂ ಶೇ. 25ಕ್ಕೆ ಅತಿತೂಕವೂ ಕಾರಣವಾಗಿರಬಹುದೆಂದು 2002ರಲ್ಲಿ ಅಂದಾಜು ಮಾಡಿತು. ಇದನ್ನು ಓದಿದವರು ‘ತೂಕ ಇಳಿಸಿಕೊಂಡು ಬನ್ನಿ, ಆಮೇಲೆ ಚಿಕಿತ್ಸೆ’ ಎನ್ನುವುದು ಸಹಜ. ಅದೂ ಒಂದು ಗೆರೆಯೇ. ಅದನ್ನು ಪರೀಕ್ಷಿಸಿದ ಡಚ್ ಪ್ರಯೋಗವೊಂದರ ಫಲಿತಾಂಶ 2016ರಲ್ಲಿ ಪ್ರಕಟವಾಯಿತು. ಬಿ.ಎಂ.ಐ. 29 ಅಥವಾ ಹೆಚ್ಚಿದ್ದ 577 ಮಹಿಳೆಯರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಆರು ತಿಂಗಳು ಆಹಾರ ಮತ್ತು ವ್ಯಾಯಾಮದ ಮಾರ್ಗದರ್ಶನ ಕೊಟ್ಟು ನಂತರ ಚಿಕಿತ್ಸೆ, ಇನ್ನೊಂದಕ್ಕೆ ತಕ್ಷಣ ಚಿಕಿತ್ಸೆ. ಮೊದಲ ಗುಂಪಿನಲ್ಲಿ ಚಿಕಿತ್ಸೆಯಿಲ್ಲದೆ ಗರ್ಭ ಧರಿಸಿದವರು ಹೆಚ್ಚು, ಶೇ. 26, ಎರಡನೆಯದರಲ್ಲಿ ಶೇ. 16. ಆದರೆ ಎರಡು ವರ್ಷಗಳೊಳಗೆ ತಿಂಗಳು ತುಂಬಿ, ಸಹಜ ಹೆರಿಗೆಯಲ್ಲಿ ಒಂದು ಆರೋಗ್ಯವಂತ ಮಗುವನ್ನು ಪಡೆದವರು ಮೊದಲ ಗುಂಪಿನಲ್ಲಿ ಶೇ. 27, ಎರಡನೆಯದರಲ್ಲಿ ಶೇ. 35. ಮೂವತ್ತೆಂಟು ವಯಸ್ಸಿನವಳಿಗೆ ಕಾಯುವ ಆರು ತಿಂಗಳಿಗೂ ಬೆಲೆಯಿದೆ. ಆ ಬೆಲೆ ತಕ್ಕಡಿಯ ಮೇಲೆ ಕಾಣಿಸುವುದಿಲ್ಲ.

ಅಧ್ಯಾಪಕರಿಗೆ ಒಂದು ಸಲಹೆ. ದೋಷಗಣನೆಯ ಪಾಠಕ್ಕೆ ಮೇಲಿನ ಸೂತ್ರ ತುಂಬ ಒಳ್ಳೆಯ ಉದಾಹರಣೆ. ಪಿ.ಯು. ವಿದ್ಯಾರ್ಥಿಗಳು ಅರ್ಧ ಗಂಟೆಯಲ್ಲಿ ಮಾಡಬಲ್ಲರು. 0.72ನ್ನು 0.70ರಿಂದ 0.75ರವರೆಗೆ ಬದಲಿಸುತ್ತಾ ಶೇಕಡಾವಾರಿನ ನಕ್ಷೆ ಬರೆಸಿ. ಆದರೆ ಎತ್ತರ, ತೂಕಗಳನ್ನು ನೀವೇ ಕಲ್ಪಿಸಿ ಕೊಡಿ. ತರಗತಿಯ ಹುಡುಗಿಯರ ತೂಕವನ್ನು ಕಪ್ಪುಹಲಗೆಯ ಮೇಲೆ ಬರೆಸಬೇಡಿ. ಆ ಮಧ್ಯಾಹ್ನ ಡಬ್ಬಿ ತೆರೆಯದೆ ಮನೆಗೆ ಹೋಗುವವಳು ಅವರಲ್ಲಿ ಒಬ್ಬಳಾದರೂ ಇರುತ್ತಾಳೆ.